ಇಪ್ಪತ್ಮೂರರ ಕಟ್ಟು

೧೯೮೩ರಲ್ಲಿ ನಾನು ಏಳನೆಯ ಇಯತ್ತೆ ಮುಗಿಸಿ ಶಾಲೆ ಬಿಟ್ಟೆ. ನಪಾಸಾಗಿ ಬಿಟ್ಟದ್ದಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಕೇಳಿದವರೆಲ್ಲ ಹಾಗೇ ತಿಳಿಯುತ್ತಾರೆ. ಆ ವರ್ಷ ಅಪ್ಪನಿಗೆ ಸೊಂಟ ಹಿಡಿಯಿತು. ಎಲೆತೋಟದಲ್ಲಿ ಬಳ್ಳಿ ಇಳಿಸಿ ಕಟ್ಟುವ ಹಂಗಾಮು ಎದುರಿಗಿತ್ತು, ಮನೆಯಲ್ಲಿ ಇನ್ನೊಂದು ಗಂಡಾಳು ಇರಲಿಲ್ಲ. ಗುರುಗಳು ಎರಡು ಸಲ ತೋಟಕ್ಕೆ ಬಂದು ಹೋದರು. ಮೂರನೆಯ ಸಲ ಬರಲಿಲ್ಲ.

ನಮ್ಮ ತೋಟ ಪಾಲಬಾವಿಯ ಈಚೆಗೆ, ಊರಿನಿಂದ ಒಂದು ಮೈಲು ಒಳಗೆ. ನಾವು ತೋಟದಲ್ಲೇ ಮನೆ ಮಾಡಿಕೊಂಡಿರುವವರು. ನಮ್ಮದು ತಿನ್ನುವ ಎಲೆ, ವೀಳ್ಯದೆಲೆ. ಕಬ್ಬಾದರೆ ತೂಕದ ಮಾಲು, ಎಲೆ ಎಣಿಕೆಯ ಮಾಲು. ನೂರು ಎಲೆಗೆ ಒಂದು ಕಟ್ಟು. ಕೊಯ್ದ ಎಲೆಯನ್ನು ತೊಡೆಯ ಮೇಲೆ ಹಾಕಿಕೊಂಡು ಹೆಬ್ಬೆರಳಿನಿಂದ ಐದೈದು ಸರಿಸುತ್ತ ಎಣಿಸಬೇಕು. ನಾಲ್ಕೈದು ವರ್ಷ ಹೀಗೆ ಎಣಿಸಿದ ಮೇಲೆ ಬಾಯಲ್ಲಿ ಅಂಕಿ ಹೇಳುವುದು ಬೇಕಾಗುವುದಿಲ್ಲ, ಬೆರಳೇ ಹೇಳುತ್ತದೆ. ಹತ್ತು ವರ್ಷವಾದ ಮೇಲೆ ಬೆರಳೂ ಬೇಡ. ಬುಟ್ಟಿಯಲ್ಲಿ ಸಾಲಾಗಿಟ್ಟ ಕಟ್ಟುಗಳ ಅಂಚು ನೋಡಿದರೆ ಯಾವುದರಲ್ಲಿ ಎರಡು ಕಡಿಮೆ, ಯಾವುದರಲ್ಲಿ ಮೂರು ಹೆಚ್ಚು ಎಂದು ಗೊತ್ತಾಗುತ್ತದೆ. ಮುಗಳಖೋಡದ ಪೇಟೆಯಲ್ಲಿ ನನ್ನ ಬುಟ್ಟಿಯನ್ನು ವ್ಯಾಪಾರಿಗಳು ಬಿಚ್ಚಿ ನೋಡುತ್ತಿರಲಿಲ್ಲ. ನನ್ನ ಹೆಸರು ಕೇಳಿದರೆ ಸಾಕಿತ್ತು. ಓದಿದವರಿಗೆ ಅವರವರ ಡಿಗ್ರಿ ಇರುತ್ತದೆ, ನನಗೆ ಅದು.

ಈ ಗುಣದಿಂದಲೇ ಊರವರು ನನ್ನನ್ನು ಮತ ಎಣಿಸುವ ಕಡೆ ಏಜೆಂಟ್ ಮಾಡಿ ಕೂಡಿಸತೊಡಗಿದರು. ಮೊದಲು ಊರ ಸೊಸೈಟಿ ಚುನಾವಣೆ. ಅದು ಸುಲಭದ್ದು. ಮತದಾನ ಮುಗಿಯಿತೆಂದರೆ ಎಲ್ಲರೂ ಒಂದು ಕಪ್ ಚಹಾ ಕುಡಿಯುತ್ತಾರೆ, ಮತ ಹಾಕಿಸಿದ ಅದೇ ಮೇಜಿನ ಮೇಲೆ ಪೆಟ್ಟಿಗೆ ಬೋರಲು ಹಾಕುತ್ತಾರೆ, ಸೂರ್ಯ ಮುಳುಗುವುದರೊಳಗೆ ಗೆದ್ದವನ ಕೊರಳಿಗೆ ಹಾರ ಬಿದ್ದಿರುತ್ತದೆ. ಗ್ರಾಮ ಪಂಚಾಯತಿಯದು ಹಾಗಲ್ಲ. ಪೆಟ್ಟಿಗೆಗೆ ಅರಗು ಹಾಕಿ ಬಸ್ಸಿನಲ್ಲಿ ತಾಲೂಕಿಗೆ ಒಯ್ಯುತ್ತಾರೆ, ಎರಡು ಮೂರು ದಿನ ಬಿಟ್ಟು ಅಲ್ಲೇ ಎಣಿಸುತ್ತಾರೆ. ಇನ್ನು ದೆಹಲಿಯ ಚುನಾವಣೆಯೋ, ಒಂದು ತಿಂಗಳು ಕಾಯಬೇಕು. ದೇಶವೆಲ್ಲ ಮತ ಹಾಕಿ ಮುಗಿಸುವ ತನಕ ನಮ್ಮ ಮತ ಕೋಣೆಯಲ್ಲಿ ಕೂತಿರುತ್ತದೆ. ಈ ಮೂರೂ ಬಗೆಯ ಕಾಯುವಿಕೆಯನ್ನು ನಾನು ಕಾಯ್ದಿದ್ದೇನೆ. ದೊಡ್ಡ ಚುನಾವಣೆಗಿಂತ ಸಣ್ಣದಕ್ಕೆ ಕಾಯುವುದೇ ಹೆಚ್ಚು ದಣಿವು. ದೊಡ್ಡದರಲ್ಲಿ ಯಾರು ಬಂದರೂ ಮರುದಿನ ಎಲೆ ಕೊಯ್ಯಬೇಕು. ಸಣ್ಣದರಲ್ಲಿ ಮರುದಿನ ಎಲೆ ಕೊಯ್ಯುವಾಗ ಸೋತವನೇ ಪಕ್ಕದ ಸಾಲಿನಲ್ಲಿ ಇರುತ್ತಾನೆ.

ಕೊರೊನಾದ ವರ್ಷ, ಡಿಸೆಂಬರಿನಲ್ಲಿ, ಪಂಚಾಯತಿ ಚುನಾವಣೆ ಬಂತು. ನಮ್ಮ ವಾರ್ಡಿನ ಸ್ಥಾನ ಹೆಣ್ಣುಮಕ್ಕಳಿಗೆ ಮೀಸಲಾಯಿತು. ನನ್ನ ಹೆಂಡತಿ ನಿಂತಳು. ಜನ ನಾನು ನಿಲ್ಲಿಸಿದೆ ಎಂದುಕೊಂಡರು. ನಿಜ ಹೇಳಬೇಕೆಂದರೆ ಅರ್ಜಿ ತುಂಬುವ ದಿನ ನಾನು ಬಳ್ಳಿಗೆ ನೀರು ಬಿಡುತ್ತಿದ್ದೆ, ಅವಳೇ ಬಂದು ಸೂಚಕರ ಸಹಿ ಸಿಕ್ಕಿತು ಎಂದು ಹೇಳಿ ಹೋದಳು. ಅವಳಿಗೆ ಬೇಕಾಗಿದ್ದದ್ದು ಒಂದೇ, ತೋಟಗಳ ರಸ್ತೆ. ಊರಿನಿಂದ ನಮ್ಮ ತೋಟಗಳಿಗೆ ಬರುವ ದಾರಿ ಮಳೆಗಾಲದಲ್ಲಿ ದಾರಿಯಲ್ಲ, ಕೆಸರು. ನಮ್ಮ ಎರಡನೆಯ ಮಗಳು ಹುಟ್ಟುವಾಗ ಹೆಂಡತಿಯನ್ನು ಚಕ್ಕಡಿಯಲ್ಲಿ ಹಾಕಿಕೊಂಡು ಹೊರಟು, ಕಾಲುವೆಯ ತೂಬಿನ ಹತ್ತಿರ ಗಾಲಿ ಹೂತು, ಅಲ್ಲಿಯೇ ಹೆರಿಗೆಯಾಗಿತ್ತು. ಮೂವತ್ತು ವರ್ಷವಾದರೂ ಆ ಜಾಗ ದಾಟುವಾಗ ಅವಳು ಮಾತು ನಿಲ್ಲಿಸುತ್ತಾಳೆ. ಮತ ಕೇಳಲು ಹೋದಾಗ ಬೇರೆ ಏನನ್ನೂ ಹೇಳಲಿಲ್ಲ. ತೂಬಿನ ತನಕ ಅಲ್ಲ, ಕೊನೆಯ ತೋಟದ ತನಕ ರಸ್ತೆ, ಅಷ್ಟೇ.

ಎದುರಿಗೆ ಒಬ್ಬಳೇ ಅಭ್ಯರ್ಥಿ, ಊರೊಳಗಿನ ಮನೆಯವಳು. ಭಾನುವಾರ ಮತದಾನವಾಯಿತು, ಎಣಿಕೆ ಬುಧವಾರ. ನಡುವಿನ ಎರಡು ದಿನ ಊರಲ್ಲಿ ಮನೆ ಮನೆಯ ಲೆಕ್ಕ ನಡೆಯಿತು. ಯಾರ ಮನೆಯಲ್ಲಿ ಎಷ್ಟು ಮತ, ಯಾರು ಬಾಯಲ್ಲಿ ಒಂದು ಹೇಳಿ ಕೈಯಲ್ಲಿ ಒಂದು ಮಾಡಿದರು. ನಾನು ಮೂರು ಸಲ ಲೆಕ್ಕ ಹಾಕಿದೆ, ಮೂರು ಬೇರೆ ಬೇರೆ ಉತ್ತರ ಬಂತು. ಅವಳು ಲೆಕ್ಕ ಹಾಕಲಿಲ್ಲ. ಪೆಟ್ಟಿಗೆಯೊಳಗೆ ಬಿದ್ದದ್ದು ಬಿದ್ದಾಗಿದೆ, ನೀವು ಬಡಬಡಿಸಿದರೆ ಹೆಚ್ಚಾಗುತ್ತದೆಯೇ ಎಂದು ಕೇಳಿ ಎಲೆ ಕಟ್ಟುತ್ತ ಕೂತಳು.

ಬುಧವಾರ ಬೆಳಿಗ್ಗೆ ಟೆಂಪೋದಲ್ಲಿ ರಾಯಬಾಗಕ್ಕೆ ಹೋದೆವು. ಹೆಂಗಸರು ಹನ್ನೆರಡು ಜನ, ಗಂಡಸರು ಐದಾರು. ಎಣಿಕೆ ಒಂದು ಕಾಲೇಜಿನ ಕಟ್ಟಡದಲ್ಲಿತ್ತು. ಅವರೆಲ್ಲ ಕಂಪೌಂಡಿನ ಹೊರಗೆ ಬೇವಿನ ಮರದ ಕೆಳಗೆ ನಿಂತರು, ನಾನು ಏಜೆಂಟ್ ಪಾಸು ತೋರಿಸಿ ಮೊಬೈಲು ಪೊಲೀಸರ ಹತ್ತಿರ ಬಿಟ್ಟು ಒಳಗೆ ಹೋದೆ. ಬಾಗಿಲಲ್ಲಿ ಒಂದು ಕಾಗದಕ್ಕೆ ಸಹಿ ಹಾಕಬೇಕಿತ್ತು. ನಾನು ಸಹಿ ನಿಧಾನ ಹಾಕುವವನು. ಪೂರ್ತಿ ಹೆಸರು, ಅಡ್ಡಹೆಸರು, ಕೊನೆಗೆ ಒಂದು ಗೆರೆ. ಅಲ್ಲಿದ್ದ ಗುಮಾಸ್ತ, ಇಪ್ಪತ್ತೈದರ ಹುಡುಗ, ನೋಡಿ ನೋಡಿ ಸಾಕಾಗಿ, "ಯಜಮಾನ್ರ, ಹೆಬ್ಬಟ್ಟ ಒತ್ತಿದ್ರೂ ನಡೀತಿತ್ತರಿ," ಎಂದ. ಹಿಂದೆ ನಿಂತವರು ನಕ್ಕರು. ಮಾಸ್ಕಿನೊಳಗೆ ನನ್ನ ಮುಖ ಬಿಸಿಯಾಯಿತು.

"ಏಳನೇತ್ತೆ ಪಾಸ್ ಆಗೇನಿ ನಾ," ಎಂದೆ.

"ಆಗೀರಿ ಬಿಡ್ರಿ. ಒಳಗ ಹೋಗಿ ನೋಡಕೋತ ಕುಂದರ್ರಿ. ಎಣಿಸೂದು ನಮ್ಮ ಕೆಲಸ."

ಈ ಮಾತು ಅಲ್ಲಿಗೇ ಮುಗಿಯಬೇಕಿತ್ತು. ನನ್ನೊಳಗೆ ಮುಗಿಯಲಿಲ್ಲ.

ನಮ್ಮ ವಾರ್ಡಿನ ಸರದಿ ಮಧ್ಯಾಹ್ನ ಬಂತು. ಮೇಜಿನ ಒಂದು ಬದಿಗೆ ಅಧಿಕಾರಿ ಮತ್ತು ಎಣಿಸುವವರು, ನಡುವೆ ತಂತಿಯ ಬಲೆ, ಈಚೆ ಬದಿಗೆ ನಾನು ಮತ್ತು ಎದುರಾಳಿಯ ಮೈದುನ. ಎಣಿಸಲು ಅದೇ ಗುಮಾಸ್ತ ಬಂದ. ಚೀಟಿ ಬಿಡಿಸಿ ಮುದ್ರೆ ನೋಡಿ ಎರಡು ಟ್ರೇಗಳಿಗೆ ಹಾಕಿದರು. ಹೊಲಿಗೆ ಯಂತ್ರದ ಗುರುತು ನನ್ನ ಹೆಂಡತಿಯದು. ಆಮೇಲೆ ಇಪ್ಪತ್ತೈದರಂತೆ ಕಟ್ಟು ಮಾಡಿ ರಬ್ಬರ್ ಹಾಕಿದರು. ಆ ಹುಡುಗನ ಎಣಿಕೆ ನೋಡಿದರೆ ನನಗೆ ಕಣ್ಣುರಿ. ನೀರಿನ ಸ್ಪಂಜು ಎದುರಿಗಿದ್ದರೂ ಮಾಸ್ಕು ಕೆಳಗೆ ಎಳೆದು ನಾಲಿಗೆಗೆ ಬೆರಳು ಮುಟ್ಟಿಸುತ್ತಿದ್ದ, ನಡುವೆ ಯಾರೋ ಏನೋ ಕೇಳಿದರೆ ಉತ್ತರ ಕೊಟ್ಟು ಮುಂದುವರಿಸುತ್ತಿದ್ದ. ಎಲೆ ಎಣಿಸುವವನು ಹಾಗೆ ಮಾಡಿದರೆ ಪೇಟೆಯಲ್ಲಿ ಒಂದು ವಾರ ಬಾಳುವುದಿಲ್ಲ.

ನನ್ನ ಹೆಂಡತಿಗೆ ಎಂಟು ಕಟ್ಟು ಮತ್ತು ಬಿಡಿ ಹನ್ನೊಂದು, ಇನ್ನೂರ ಹನ್ನೊಂದು. ಎದುರಾಳಿಗೆ ಎಂಟು ಕಟ್ಟು ಮತ್ತು ಬಿಡಿ ಎಂಟು, ಇನ್ನೂರ ಎಂಟು. ತಿರಸ್ಕೃತ ಹದಿನಾಲ್ಕು. ಎಲ್ಲ ಕೂಡಿದರೆ ನಾನೂರ ಮೂವತ್ಮೂರು, ಪೆಟ್ಟಿಗೆಯಿಂದ ತೆಗೆದಾಗ ಎಣಿಸಿದ್ದೂ ಅಷ್ಟೇ. ತಾಳೆ ಬಿತ್ತು. ಎದುರಾಳಿಯ ಮೈದುನ ತಿರಸ್ಕೃತ ಚೀಟಿಗಳನ್ನು ಮತ್ತೊಮ್ಮೆ ತೋರಿಸಲು ಕೇಳಿದ, ಅಧಿಕಾರಿ ಒಂದೊಂದಾಗಿ ತೋರಿಸಿದರು, ಅವನು ಸುಮ್ಮನಾದ. ಬಾಗಿಲಲ್ಲಿದ್ದ ಪೊಲೀಸಪ್ಪ ನನ್ನ ಮುಖ, ಅವನ ಮುಖ ನೋಡಿ ಹೊರಗೆ ಏನೋ ಹೇಳಿದ. ಸ್ವಲ್ಪ ಹೊತ್ತಿಗೆ ಬೇವಿನ ಮರದ ಕಡೆಯಿಂದ ಹಲಗಿಯ ಸದ್ದು ಕೇಳಿಸಿತು. ನಮ್ಮ ಕಡೆಯ ಜನಕ್ಕೆ ಯಾವತ್ತೂ ತಾಳ್ಮೆ ಇಲ್ಲ. ಮೈಕಿನಲ್ಲಿ ಹೆಸರು ಬರುವ ತನಕ ಅದು ಫಲಿತಾಂಶವಲ್ಲ ಎಂದು ಹೋಗುವಾಗಲೇ ಹೇಳಿದ್ದೆ.

ಅಧಿಕಾರಿ ಬರೆದುಕೊಳ್ಳುತ್ತಿದ್ದರು. ಗುಮಾಸ್ತ ಎರಡೂ ಟ್ರೇಗಳ ಕಟ್ಟುಗಳನ್ನು ಲಕೋಟೆಗೆ ಹಾಕಲೆಂದು ಮೇಜಿನ ಮೇಲೆ ಒಟ್ಟಿಗೆ ಸಾಲಾಗಿ ನಿಲ್ಲಿಸಿದ. ಹದಿನಾರು ಕಟ್ಟು. ನನ್ನ ಕಣ್ಣು ಅಭ್ಯಾಸದಂತೆ ಅಂಚಿನ ಮೇಲೆ ಹರಿಯಿತು. ಎಡದಿಂದ ಆರನೆಯದು ತೆಳ್ಳಗಿತ್ತು.

"ಸಾಹೇಬ್ರ," ಎಂದೆ, "ಆ ಕಟ್ಟಿನ್ಯಾಗ ಇಪ್ಪತ್ತೈದ ಇಲ್ಲರಿ."

ಗುಮಾಸ್ತ ತಲೆ ಎತ್ತಿದ. "ಮಡಚಿದ ಹಾಳಿ ಅದಾವ್ರಿ ಯಜಮಾನ್ರ. ಹೆಚ್ಚ ಕಡಿಮಿ ಕಾಣತಾವ."

"ಹೆಚ್ಚ ಕಡಿಮಿ ಅಲ್ಲ. ಎರಡ ಕಡಿಮಿ ಅದಾವ. ಎಣಿಸಿ ನೋಡ."

ಆ ಹೊತ್ತಿಗೆ ನನ್ನ ಎದೆ ಹೇಗೆ ಉಬ್ಬಿತ್ತೆಂದರೆ, ಹೆಂಡತಿ, ರಸ್ತೆ, ಚುನಾವಣೆ ಯಾವುದೂ ನೆನಪಿರಲಿಲ್ಲ. ಆ ಹುಡುಗನ ಎದುರಿಗೆ ಆ ಕಟ್ಟು ಬಿಚ್ಚಿಸಬೇಕು, ಅಷ್ಟೇ. ಅಧಿಕಾರಿ ಪೆನ್ನು ಕೆಳಗಿಟ್ಟು ತಾವೇ ಎಣಿಸಿದರು. ಇಪ್ಪತ್ಮೂರು. ನಾನು ಗುಮಾಸ್ತನ ಮುಖ ನೋಡಿದೆ. ಅವನ ಮುಖ ಬಿಳುಚಿತ್ತು, ನನಗೆ ಹಿತವಾಯಿತು. ಆಮೇಲೆ ಚೀಟಿಗಳನ್ನು ನೋಡಿದೆ. ಹೊಲಿಗೆ ಯಂತ್ರದ ಮೇಲೆ ಮುದ್ರೆ.

ಹದಿನಾರನ್ನೂ ಬಿಚ್ಚಿ ಎಣಿಸಿದರು. ಎದುರಾಳಿಯ ಒಂದು ಕಟ್ಟಿನಲ್ಲಿ ಇಪ್ಪತ್ತೇಳಿದ್ದವು. ಒಂದರಲ್ಲಿ ಎರಡು ಕಡಿಮೆ, ಇನ್ನೊಂದರಲ್ಲಿ ಎರಡು ಹೆಚ್ಚು. ಅದಕ್ಕೇ ಕೂಡಿಸಿದಾಗ ತಾಳೆ ಬಿದ್ದಿತ್ತು, ಅದಕ್ಕೇ ಯಾರಿಗೂ ಸಂಶಯ ಬಂದಿರಲಿಲ್ಲ. ನನ್ನ ಹೆಂಡತಿಗೆ ಇನ್ನೂರ ಒಂಬತ್ತು, ಎದುರಾಳಿಗೆ ಇನ್ನೂರ ಹತ್ತು. ನಾನೇ ಮತ್ತೊಮ್ಮೆ ಎಣಿಸಲು ಕೇಳಿದೆ. ಎಣಿಸಿದರು. ಅಷ್ಟೇ ಬಂತು. ಎದುರಾಳಿಯ ಮೈದುನ ಬಲೆಯ ಈಚೆಗೆ ನನ್ನ ಪಕ್ಕದಲ್ಲೇ ನಿಂತಿದ್ದ. ಅವನು ಖುಷಿಪಡಲೂ ಇಲ್ಲ, ನನ್ನನ್ನು ನೋಡಲೂ ಇಲ್ಲ, ಚಪ್ಪಲಿ ಹುಡುಕತೊಡಗಿದ. ಅವನ ಚಪ್ಪಲಿ ಅವನ ಕಾಲಲ್ಲೇ ಇದ್ದವು.

ಮೈಕಿನಲ್ಲಿ ಹೆಸರು ಬಂದಾಗ ನಾನು ಇನ್ನೂ ಕಾರಿಡಾರಿನಲ್ಲಿದ್ದೆ. ಹಲಗಿ ನಿಂತಿತು, ಸ್ವಲ್ಪ ಹೊತ್ತು ಬಿಟ್ಟು ಬೇರೆ ಕಡೆಯಿಂದ ಶುರುವಾಯಿತು. ನಾನು ಮೊಬೈಲು ತೆಗೆದುಕೊಂಡು ಹೊರಗೆ ಬರುವಷ್ಟರಲ್ಲಿ ಸುದ್ದಿ ನನಗಿಂತ ಮೊದಲು ಬಂದಿತ್ತು. ಬೇವಿನ ಮರದ ಕೆಳಗೆ ಅವಳು ನಿಂತಿದ್ದಳು. ಹಸಿರು ಸೀರೆ, ಹಣೆ, ತಲೆ, ಕುತ್ತಿಗೆ ಎಲ್ಲ ಗುಲಾಲ. ಜೊತೆಗಿದ್ದ ಹೆಂಗಸರೂ ಕೆಂಪಗೆ. ಯಾರೋ ಬಾಟಲಿಯ ನೀರು ಕೊಟ್ಟಿದ್ದರು, ಅವಳು ಮುಖ ತೊಳೆದುಕೊಂಡಿರಲಿಲ್ಲ, ಬಾಟಲಿ ಹಿಡಿದುಕೊಂಡು ನಿಂತಿದ್ದಳು. ಸೋತವರಿಗೆ ಗುಲಾಲ ಹತ್ತಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಪಕ್ಕದಿಂದ ಹೋಗುತ್ತಿದ್ದ ಯಾವುದೋ ಊರಿನವರು ಅವಳಿಗೆ ಅಭಿನಂದನೆ ಹೇಳಿ ಹೋದರು.

ಟೆಂಪೋದಲ್ಲಿ ಹೆಂಗಸರು ಸೆರಗಿನಿಂದ ಗುಲಾಲ ಒರೆಸಿಕೊಳ್ಳುತ್ತ ಕೂತರು. ನಮ್ಮ ಕಡೆಯ ಒಬ್ಬ ಮುದುಕ ಮಾತ್ರ, ನನಗೆ ಮಾಮಾ ಆಗಬೇಕು, ಸುಮ್ಮನೆ ಕೂಡಲಾಗದೆ, "ಅಳಿಯಾ, ಎಲಿ ಎಣಿಸೂದು ಎಲಿತ್ವಾಟಾಗ ಬಿಟ್ಟ ಬರಬೇಕಿತ್ತಲೇ," ಎಂದ. ಒಬ್ಬಿಬ್ಬರು ನಕ್ಕರು. ತೂಬಿನ ಹತ್ತಿರ ಟೆಂಪೋ ನಿಂತಿತು, ಮುಂದೆ ಹೋಗುವ ದಾರಿಯಲ್ಲ. ಇಳಿದು ಇಬ್ಬರೇ ನಡೆದೆವು. ಅಲ್ಲಿ ಅವಳು ಮಾತು ನಿಲ್ಲಿಸುತ್ತಾಳೆ ಎಂದೆನಲ್ಲ, ಆ ದಿನ ಅಲ್ಲಿಯೇ ಶುರು ಮಾಡಿದಳು.

"ನೀವ ಹೇಳಿದ್ರಂತ."

"ಹೂಂ."

"ಯಾರ ಕಟ್ಟ ಅಂತ ನೋಡಿದ್ರೇನು ಮೊದಲ?"

"ಇಲ್ಲ."

ಅವಳು ನಾಲ್ಕು ಹೆಜ್ಜೆ ನಡೆದಳು. "ನೋಡಿದ್ರ ಸುಮ್ಮನ ಇರತಿದ್ರೇನು?"

ನಾನು ಬಗ್ಗಿ ಚಪ್ಪಲಿಯ ಮಣ್ಣು ಕೊಡವಿದೆ. ಅವಳು ಮತ್ತೆ ಕೇಳಲಿಲ್ಲ. ಮನೆಗೆ ಬಂದು ನೀರು ಕಾಸಿಕೊಂಡು ಮೂರು ಸಲ ತಲೆ ತೊಳೆದುಕೊಂಡಳು. ಸೀರೆಯ ಕೆಂಪು ಹೋಗಲಿಲ್ಲ.

ಊರು ನನ್ನನ್ನು ಬೈಯುತ್ತದೆ ಎಂದುಕೊಂಡಿದ್ದೆ. ಬೈದವರು ಇದ್ದರು, ಅದು ಒಂದು ತಿಂಗಳು. ಆಮೇಲೆ ಹೊಗಳತೊಡಗಿದರು. ಸ್ವಂತ ಹೆಂಡತಿ ಸೋತರೂ ಸತ್ಯ ಬಿಡಲಿಲ್ಲ ಎಂದು ಗುಡಿಯ ಕಟ್ಟೆಯ ಮೇಲೆ, ಮುಗಳಖೋಡದ ಪೇಟೆಯಲ್ಲಿ, ಶೇಡಬಾಳಕ್ಕೆ ಕೊಟ್ಟ ದೊಡ್ಡ ಮಗಳ ಬೀಗರ ಮನೆಯಲ್ಲಿ ಕೂಡ. ಗೆದ್ದವಳ ಗಂಡ ಪೇಡೆಯ ಡಬ್ಬಿ ಹಿಡಿದು ತೋಟಕ್ಕೇ ಬಂದ, ನಿಮ್ಮಂಥವರು ಬೇಕು ಎಂದ. ಹೆಂಡತಿ ಅವನಿಗೆ ಚಹಾ ಮಾಡಿ ಕೊಟ್ಟಳು, ಪೇಡೆ ಎಮ್ಮೆಯ ಮುಂದಿಟ್ಟಳು. ಈ ಹೊಗಳಿಕೆಯನ್ನು ಹೊರುವುದು ಬೈಗಳಿಗಿಂತ ಭಾರವಾಯಿತು. ನನಗೆ ಗೊತ್ತಿತ್ತು, ಅಲ್ಲಿ ಸತ್ಯದ ಮಾತೇ ಇರಲಿಲ್ಲ. ಒಬ್ಬ ಹುಡುಗ ಹೆಬ್ಬಟ್ಟು ಎಂದಿದ್ದ, ಅವನಿಗೆ ಎಣಿಕೆ ಬರುವುದಿಲ್ಲ ಎಂದು ತೋರಿಸಬೇಕಿತ್ತು. ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ಹೇಳಿದರೆ ವಿನಯ ಎಂದು ಮತ್ತೊಂದು ಹೊಗಳಿಕೆ ಬರುತ್ತಿತ್ತು. ಎರಡು ವರ್ಷದ ಮೇಲೆ ರಸ್ತೆಗೆ ಗರಸು ಮಣ್ಣು ಬಿತ್ತು, ತೂಬಿನ ತನಕ.

೨೦೨೪ರಲ್ಲಿ ದೆಹಲಿಯ ಚುನಾವಣೆ. ಮೇ ತಿಂಗಳ ಬಿಸಿಲಲ್ಲಿ ಮತ ಹಾಕಿದೆವು, ಎಣಿಕೆ ಜೂನಿನಲ್ಲಿ, ಚಿಕ್ಕೋಡಿಯಲ್ಲಿ. ಆ ಪೇಡೆಯ ಗೃಹಸ್ಥ ಅಷ್ಟರಲ್ಲಿ ಪಕ್ಷದ ಕೆಲಸದಲ್ಲಿ ಮೇಲೆ ಬಂದಿದ್ದ, ಏಜೆಂಟರ ಪಟ್ಟಿಗೆ ನನ್ನ ಹೆಸರು ಕೊಟ್ಟಿದ್ದ. ಬೇಡ ಎಂದೆ. ಹೆಂಡತಿ ಹೋಗಿ ಬರ್ರಿ ಎಂದಳು. ರೊಟ್ಟಿಯ ಬುತ್ತಿ ಕಟ್ಟಿ ಕೊಟ್ಟಳು.

ಅಲ್ಲಿ ಎಣಿಸುವುದೇ ಇಲ್ಲ. ಯಂತ್ರ ತರುತ್ತಾರೆ, ಸೀಲು ತೋರಿಸುತ್ತಾರೆ, ಗುಂಡಿ ಒತ್ತುತ್ತಾರೆ, ಅಂಕಿ ಬರುತ್ತದೆ. ನಾವು ಕಾಗದದ ಮೇಲೆ ಬರೆದುಕೊಳ್ಳುತ್ತೇವೆ. ಒಂದು ಸುತ್ತು, ಎರಡು ಸುತ್ತು, ನಿಪ್ಪಾಣಿಯದು, ಅಥಣಿಯದು, ಕಾಗವಾಡದ್ದು. ಹೊರಗಿನವರಿಗೆ ಊಟದ ಹೊತ್ತಿಗೇ ಎಲ್ಲ ಗೊತ್ತಾಗಿತ್ತು. ಗೋಡೆಯಾಚೆಯಿಂದ ಪಟಾಕಿ ಕೇಳಿಸಿತು. ಏಜೆಂಟರು ಒಬ್ಬೊಬ್ಬರಾಗಿ ಎದ್ದು ಹೋದರು, ಗೆದ್ದವರು ಗುಲಾಲಕ್ಕೆ, ಸೋತವರು ಮನೆಗೆ. ಆದರೆ ಕೆಲಸ ಮುಗಿದಿರಲಿಲ್ಲ. ಕೊನೆಗೆ ಒಂದೊಂದು ಕ್ಷೇತ್ರದ ಐದು ಮತಗಟ್ಟೆಗಳನ್ನು ಚೀಟಿ ಎತ್ತಿ ಆರಿಸಿ, ಅಲ್ಲಿಯ ಯಂತ್ರದ ಪಕ್ಕದ ಪೆಟ್ಟಿಗೆಯಲ್ಲಿ ಬಿದ್ದ ಕಾಗದದ ತುಂಡುಗಳನ್ನು ಕೈಯಿಂದ ಎಣಿಸಿ, ಯಂತ್ರದ ಅಂಕಿಗೆ ತಾಳೆ ನೋಡಬೇಕು. ಅದಾಗದೆ ಅಧಿಕಾರಿ ಹೆಸರು ಓದುವಂತಿಲ್ಲ. ಜಗತ್ತಿಗೆ ಗೊತ್ತಿರುವ ಫಲಿತಾಂಶ ಆ ಕೋಣೆಯಲ್ಲಿ ಇನ್ನೂ ಆಗಿರಲಿಲ್ಲ. ಆ ಮೇಜಿಗೆ ನಾನು ಕೂತೆ. ಇನ್ನೊಂದು ಪಕ್ಷದ ಏಜೆಂಟ್ ಗೋಡೆಗೆ ಒರಗಿ ನಿದ್ದೆ ಹೋಗಿದ್ದ.

ತುಂಡುಗಳನ್ನು ಇಪ್ಪತ್ತೈದರಂತೆ ಕಟ್ಟು ಮಾಡಿ ಸಾಲಾಗಿಟ್ಟರು. ನಡುವಿನ ಒಂದು ಕಟ್ಟು ತೆಳ್ಳಗೆ ಕಂಡಿತು. ಬಾಯಿ ತೆರೆಯಲಿಲ್ಲ ನಾನು. ನನ್ನ ಕಣ್ಣು ಮೊದಲು ಕಟ್ಟಿನ ಮೇಲಿನ ಗುರುತಿಗೆ ಹೋಯಿತು. ಯಾರದು? ನನ್ನನ್ನು ಕಳಿಸಿದವರ ಗುರುತೇ. ಎರಡು ತುಂಡು ಹೆಚ್ಚಾದರೂ ಕಡಿಮೆಯಾದರೂ ಗೆದ್ದವರು ಗೆದ್ದಾಗಿತ್ತು. ಆದರೂ ಮೊದಲು ಅದನ್ನೇ ನೋಡಿದೆ, ನೋಡಿ ಸುಮ್ಮನೆ ಕೂತೆ. ಲೋಟದಲ್ಲಿದ್ದ ತಣ್ಣಗಾದ ಚಹಾ ಕುಡಿದೆ. ಲೋಟ ಕೆಳಗಿಟ್ಟ ಮೇಲೆ ಹೇಳಿದೆ, ಆ ಕಟ್ಟಿನಲ್ಲಿ ಇಪ್ಪತ್ತೈದಿಲ್ಲ ಎಂದು. ಎಣಿಸುತ್ತಿದ್ದ ಹೆಣ್ಣುಮಗಳು ಒಳ್ಳೆಯವಳು, ಬೇಸರ ಮಾಡಿಕೊಳ್ಳದೆ ರಬ್ಬರ್ ಬಿಚ್ಚಿ ಒಂದೊಂದಾಗಿ ನನ್ನ ಕಡೆಗೆ ತಿರುಗಿಸಿ ಎಣಿಸಿದಳು.

"ಇಪ್ಪತ್ತೈದ ಅದಾವ್ರಿ ಅಜ್ಜಾರ," ಎಂದಳು.

ನಾನೂ ಜೊತೆಗೆ ಎಣಿಸಿದ್ದೆ. ಇಪ್ಪತ್ತೈದೇ ಇದ್ದವು. ಆ ಕಾಗದ ನಯ, ಅಂಚು ಸುರುಳಿಯಾಗುತ್ತದೆ, ಎಲೆಯ ಹಾಗೆ ಕೂಡುವುದಿಲ್ಲ. ಹಾಗೆಂದು ನನಗೆ ನಾನೇ ಹೇಳಿಕೊಂಡೆ. ಕಣ್ಣಿಗೆ ವಯಸ್ಸಾಗಿದೆ ಎಂದೂ ಹೇಳಬಹುದಿತ್ತು. ಎಲ್ಲ ತಾಳೆ ಬಿತ್ತು, ಸಹಿ ಕೇಳಿದರು. ಪೂರ್ತಿ ಹೆಸರು, ಅಡ್ಡಹೆಸರು, ಕೊನೆಗೆ ಗೆರೆ. ಯಾರೂ ನಗಲಿಲ್ಲ. ನಗಲು ಯಾರೂ ಉಳಿದಿರಲಿಲ್ಲ.

ಮರುದಿನ ಬೆಳಿಗ್ಗೆ ತೋಟದಲ್ಲಿ ಇಬ್ಬರೂ ಎಲೆ ಕಟ್ಟುತ್ತ ಕೂತಿದ್ದೆವು. ಅವಳು ಹಿಂದಿನ ದಿನದ ಬಗ್ಗೆ ಏನೂ ಕೇಳಲಿಲ್ಲ. ಯಾರು ಗೆದ್ದರೆಂದು ಅವಳಿಗೆ ಮಗಳು ಫೋನ್ ಮಾಡಿ ಮಧ್ಯಾಹ್ನವೇ ಹೇಳಿದ್ದಳು. ನಾನೇ ಶುರು ಮಾಡಿದೆ.

"ನಿನ್ನೆ ಒಂದ ಕಟ್ಟ ತೆಳ್ಳಗ ಕಂಡಿತ್ತ ನನಗ."

"ಮತ್ತ?"

"ಮೊದಲ ಯಾರದು ಅಂತ ನೋಡಿದ್ನಿ. ನೋಡಿ ತುಸು ಸುಮ್ಮನ ಕುಂತ್ನಿ, ಆಮ್ಯಾಲ ಹೇಳಿದ್ನಿ."

ಅವಳ ಹೆಬ್ಬೆರಳು ಎಲೆಯ ಮೇಲೆ ನಿಂತಿತು. ಎಣಿಕೆ ತಪ್ಪಿತೇನೋ, ಕೈಯಲ್ಲಿದ್ದ ಎಲೆಯನ್ನೆಲ್ಲ ಮತ್ತೆ ತೊಡೆಯ ಮೇಲೆ ಹಾಕಿಕೊಂಡು ಮೊದಲಿನಿಂದ ಶುರು ಮಾಡಿದಳು. ಐದೈದು ಸರಿಸುತ್ತ, ನನ್ನ ಕಡೆ ನೋಡದೆ ಹೇಳಿದಳು.

"ಆಗ ತೂಬಿನ ಹತ್ರ ಕೇಳಿದ್ದಕ್ಕ ಈಗ ಹೇಳಾಕತ್ತೀರಿ. ಭಾಳ ದಿನ ಹಿಡೀತು ನಿಮ್ಮ ಎಣಿಕಿ."

ಹೇಳಿ ಸಣ್ಣಗೆ ನಕ್ಕಳು. ಬೇವಿನ ಮರದ ಕೆಳಗಿನ ದಿನದಿಂದ ಆ ವಿಷಯ ಬಂದಾಗ ಅವಳು ನಕ್ಕದ್ದು ಅದೇ ಮೊದಲು. ಈಗ ಪಂಚಾಯತಿಯ ಐದು ವರ್ಷ ಮುಗಿದಿದೆ, ಮುಂದಿನದಕ್ಕೆ ದಿನ ಗೊತ್ತಾಗಿಲ್ಲ. ಮೀಸಲಾತಿ ಏನೇ ಬರಲಿ, ತನಗೆ ಅವಕಾಶವಿದ್ದರೆ ಮತ್ತೆ ನಿಲ್ಲುತ್ತೇನೆ ಎಂದಿದ್ದಾಳೆ. ತೂಬಿನಿಂದ ಈಚೆಯ ದಾರಿ ಹಾಗೇ ಇದೆಯಲ್ಲ. ಎಣಿಕೆಗೆ ಮಾತ್ರ ಶೇಡಬಾಳದ ಅಳಿಯನನ್ನು ಕರೆಯುತ್ತಾಳಂತೆ. ನಾನು ಬೇವಿನ ಮರದ ಕೆಳಗೆ ನಿಂತು, ಮೈಕಿನಲ್ಲಿ ಹೆಸರು ಬರುವ ತನಕ ಯಾರೂ ಗುಲಾಲದ ಚೀಲ ಬಿಚ್ಚದ ಹಾಗೆ ನೋಡಿಕೊಳ್ಳಬೇಕು. ಆಗಲಿ ಎಂದಿದ್ದೇನೆ.

ಈಗ ನನ್ನ ಹತ್ತಿರ ಇರುವುದು ಹದಿನಾರು ಗುಂಟೆ ಎಲೆಬಳ್ಳಿ, ಎರಡು ಎಕರೆ ಕಬ್ಬು, ಒಂದು ಬಾವಿ, ಒಂದು ಎಮ್ಮೆ, ಅದರ ಒಂದು ಕರು. ಕೊಟ್ಟ ಮನೆಯಲ್ಲಿ ಚೆನ್ನಾಗಿರುವ ಎರಡು ಹೆಣ್ಣುಮಕ್ಕಳು. ಟ್ರಂಕಿನಲ್ಲಿ ಒಂದು ಏಳನೆಯ ಇಯತ್ತೆಯ ಪಾಸು ಕಾಗದ, ಒಂದು ಕೆಂಪು ಹೋಗದ ಹಸಿರು ಸೀರೆ. ತೂಬಿನಿಂದ ಮನೆಗೆ ಆರುನೂರ ನಲವತ್ತು ಹೆಜ್ಜೆ ಕೆಸರು. ಮನೆಯಲ್ಲಿ ಎರಡು ಮತ.